ಚಿಟಿಕೆ ಕಚ್ಚುವುದನ್ನು ಬಿಟ್ಟದ್ದು

ಮಾಸ್ತರನ್ನು ನೋಡಿಕೊಳ್ಳಲು ಬಂದ ಎರಡನೆಯ ಸಹಾಯಕನನ್ನೂ ಚಿಟಿಕೆ ಕಚ್ಚಿತು. ಗಡ್ಡದ ಆ ಯುವಕ ಬಚ್ಚಲಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಪ್ಯಾಂಟಿನ ಕಾಲು ಮೇಲಕ್ಕೆ ಮಡಚಿಕೊಂಡಿದ್ದ. ಸೊಸೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವನ ಹಿಮ್ಮಡಿಗೆ ಸೋಪು ಹಚ್ಚಿ ನೀರು ಬಿಡುತ್ತಿದ್ದಳು. ರಕ್ತ ತೆಳ್ಳಗಾಗಿ ಮೋರಿಯ ಕಡೆ ಹರಿಯುತ್ತಿತ್ತು.

"ಇಂಜೆಕ್ಷನ್ ಎಲ್ಲಾ ಹಾಕ್ಸಿದೀವಿ ಅದಕ್ಕೆ. ಆದ್ರೂ ಡಾಕ್ಟ್ರ ಹತ್ರ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ," ಎಂದಳು.

"ಇಷ್ಟುದ್ದ ಇದೆ, ಇಲಿ ಥರ," ಎಂದ ಅವನು, ನೋವಿಗಿಂತ ಅವಮಾನದಿಂದ. "ದೊಡ್ಡ ನಾಯಿ ಕಚ್ಚಿದ್ರೆ ಹೇಳ್ಕೊಳ್ಳೋಕಾದ್ರೂ ಚೆನ್ನಾಗಿರ್ತಿತ್ತು."

ಚಿಟಿಕೆ ಒಳಕೋಣೆಯ ಮಂಚದ ಮೇಲೆ, ಮಾಸ್ತರ ಕಾಲಿನ ಬಳಿ ಸುರುಳಿ ಸುತ್ತಿ ಮಲಗಿತ್ತು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಮರಿಯಾಗಿದ್ದಾಗ ಅಂಗೈ ಮೇಲೆ ಕೂರಿಸಿಕೊಂಡು ತಂದಿದ್ದರು. ಚಿಟಿಕೆಯಷ್ಟಿದೆ ಎಂದು ಮಾಸ್ತರ ಹೆಂಡತಿ ಇಟ್ಟ ಹೆಸರು ಅದು. ಆಕೆ ಹೋದ ಮೇಲೆ ನಾಯಿ ಮಾಸ್ತರ ಪಾಲಿಗೆ ಬಂತು, ಅಥವಾ ಮಾಸ್ತರು ನಾಯಿಯ ಪಾಲಿಗೆ ಬಂದರು.

ಮಾಸ್ತರು ಶಾಲೆಯೊಂದರಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದವರು. ಬೀದಿಯವರಿಗೆಲ್ಲ ಅವರು 'ಸೀಟಿ ಮಾಸ್ತರು'. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಬಾಯಿಯೂ ಒಂದು ಕಡೆ ಎಳೆದುಕೊಂಡಿತ್ತು. ಮಾತು ನಿಧಾನ. ಆದರೆ ತಲೆ ಮೊದಲಿನ ಹಾಗೆಯೇ ಚುರುಕು. ಮನೆಯಲ್ಲಿ ಯಾರು ಯಾವಾಗ ಯಾಕೆ ಪಿಸುಗುಡುತ್ತಿದ್ದಾರೆ ಎಂಬುದೂ ಅವರಿಗೆ ತಿಳಿಯುತ್ತಿತ್ತು.

ಯುವಕನನ್ನು ಆಸ್ಪತ್ರೆಗೆ ತೋರಿಸಿ ಸೊಸೆ ಕೆಲಸದ ಜಾಗ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೋಟೆಲು, ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿ ಅದು. ಇಸ್ತ್ರಿ ವಿಭಾಗದ ಹೊಣೆ ಅವಳಿಗೆ ಸಿಕ್ಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಆವಿಯ ನಡುವೆ ನಿಂತಿರುವಾಗಲೇ ಸಹಾಯಕರನ್ನು ಕಳಿಸುವ ಏಜೆನ್ಸಿಯ ಹೆಂಗಸಿನ ಫೋನು ಬಂತು.

"ಅಮ್ಮಾ, ನಾವು ಜನ ಕಳಿಸೋದು ರೋಗಿನ ನೋಡ್ಕೊಳ್ಳೋಕೆ, ನಾಯಿಗೆ ತಿಂಡಿ ಆಗೋಕಲ್ಲ."

"ಇದೊಂದ್ಸಲ ಹೊಟ್ಟೆಗೆ ಹಾಕ್ಕೊಳ್ಳಿ ಮೇಡಂ."

"ಹಾಕ್ಕೊಂಡಿದ್ದಾಯ್ತಲ್ಲ, ಹೋದ ಸಲಾನೇ! ಇನ್ನೊಬ್ರನ್ನ ಕಳಿಸ್ತೀನಿ. ಅವರಿಗೂ ಹಲ್ಲು ತಾಗಿದ್ರೆ ನಿಮ್ಮ ಮನೆ ಸಹವಾಸ ಸಾಕು."

ಸಂಜೆ ಊಟಕ್ಕೆ ಕೂತಾಗ ಮಾತು ಶುರುವಾಯಿತು. ಮಾಸ್ತರು ಎಡಗೈಯಲ್ಲಿ ಚಮಚ ಹಿಡಿದು ಅನ್ನದ ಜೊತೆ ಕಿವುಚಿದ ಆಲೂಗಡ್ಡೆ ತಿನ್ನುತ್ತಿದ್ದರು. ಚಿಟಿಕೆ ಅವರ ಕುರ್ಚಿಯ ಕೆಳಗೆ.

ಮಗ ಲಿಫ್ಟ್ ಮೆಕ್ಯಾನಿಕ್. ಕೈಯ ಗ್ರೀಸು ಸರಿಯಾಗಿ ತೊಳೆದಿರಲಿಲ್ಲ. "ನಾಯಿನ ಯಾರಿಗಾದ್ರೂ ಕೊಟ್ಬಿಡೋಣ," ಎಂದ ತಟ್ಟೆ ನೋಡುತ್ತಲೇ.

"ನನ್ನನ್ನೂ ಜೊತೆಗೆ ಕೊಡು," ಎಂದರು ಮಾಸ್ತರು.

"ಅಪ್ಪಾ, ನಿಮಗೆ ಸ್ನಾನ ಮಾಡ್ಸೋರು ಯಾರು ಮತ್ತೆ? ಬರೋರ್ನೆಲ್ಲ ಅದು ಕಚ್ಚಿ ಓಡಿಸ್ತಾ ಇದ್ರೆ?"

"ನೀನು ಮಾಡ್ಸು."

"ಮಾಡಿಸ್ತಾ ಇದ್ನಲ್ಲ! ಏನಾಯ್ತು ಅಂತ ಗೊತ್ತಲ್ಲ!"

ಆದದ್ದು ಎಲ್ಲರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಮಗ ಅಪ್ಪನನ್ನು ಬಚ್ಚಲಿನ ಸ್ಟೂಲಿನ ಮೇಲೆ ಕೂರಿಸಿ ಮೈಗೆ ಸೋಪು ಹಚ್ಚಿದ್ದ. ಅಷ್ಟರಲ್ಲಿ ಫೋನು. ಯಾವುದೋ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಒಳಗೆ ಗರ್ಭಿಣಿಯೊಬ್ಬಳು ಸಿಕ್ಕಿಕೊಂಡಿದ್ದಳು. ಯಾವ ಸ್ವಿಚ್ಚು ಒತ್ತಬೇಕೆಂದು ಕಾವಲುಗಾರನಿಗೆ ಹೇಳಿಕೊಡಲು ಅವನು ಹೊರಗೆ ಬಂದ. ಒಳಗೆ ಮಾಸ್ತರು ಚೊಂಬಿಗೆ ಕೈಚಾಚಿ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ. ಆದರೆ ಆ ದಿನದಿಂದ ಅಪ್ಪನ ಒದ್ದೆ ಮೈ ಮುಟ್ಟಲು ಮಗನಿಗೆ ಹೆದರಿಕೆಯಾಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಡ್ಯೂಟಿ ಬದಲಾಯಿತು, ಬೆಳಿಗ್ಗೆ ಬೇಗ ಹೊರಡಬೇಕು ಎಂದಷ್ಟೇ ಹೇಳಿದ್ದ.

"ಹಾಗಾದ್ರೆ ನಾನು ಕೆಲಸ ಬಿಡ್ತೀನಿ," ಎಂದಳು ಸೊಸೆ. "ಅದನ್ನೇ ತಾನೇ ಎಲ್ಲರೂ ಕಾಯ್ತಿರೋದು? ಬಾಯಿಬಿಟ್ಟು ಹೇಳಿ, ನಾಳೆನೇ ಬಿಡ್ತೀನಿ."

"ಯಾರು ಹಾಗಂದ್ರು?"

"ಯಾರೂ ಅನ್ನಲ್ಲ. ಅನ್ನದೇನೇ ಮಾಡ್ಸೋದು ನಿಮ್ಮ ಮನೆತನದ ಕಲೆ."

ಮಾಸ್ತರು ಚಮಚ ಕೆಳಗಿಟ್ಟರು. "ನನಗೆ ಸ್ನಾನನೇ ಬೇಡ."

"ವಾಸನೆ ಬರುತ್ತೆ ತಾತ," ಎಂದಳು ಮೊಮ್ಮಗಳು ಮೆಲ್ಲಗೆ. ಕಾಲೇಜಿನ ಮೊದಲ ವರ್ಷದವಳು, ಮನೆಯಲ್ಲಿ ತಾತನಿಗೆ ಇಂಥ ಮಾತು ಹೇಳಬಲ್ಲವಳು ಅವಳೊಬ್ಬಳೇ. "ನಾನು ಚಿಟಿಕೆಗೆ ಕಲಿಸ್ತೀನಿ. ಕಚ್ಚದೇ ಇರೋ ಹಾಗೆ. ಒಂದು ತಿಂಗಳು ಕೊಡಿ ನನಗೆ."

"ನಾಯಿಗೆ ಪಾಠ ಹೇಳೋಕೆ ಹೊರಟಳು, ತಾನು ಇಂಗ್ಲಿಷಲ್ಲಿ ಫೇಲ್," ಎಂದ ಅವಳಪ್ಪ. ಆದರೂ ಒಪ್ಪಿದ. ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ಮೊಮ್ಮಗಳು ಚಿಟಿಕೆಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಹೋದಳು. ಆಕೆ ನಾಯಿಯ ಬಾಯಿ ತೆರೆಸಿ ನೋಡಿ, ಕಿವಿ ನೋಡಿ, ಹೊಟ್ಟೆ ಒತ್ತಿ, ಎಲ್ಲೂ ನೋವಿಲ್ಲ ಎಂದಳು.

"ಹೊಡೀತೀರಾ?"

"ಅಪ್ಪ ಒಂದ್ಸಲ ಚಪ್ಪಲಿ ಎತ್ತಿದ್ರು."

"ಎತ್ತಬಾರ್ದು. ಹೊಡೆದ್ರೆ ಗುರ್ ಅನ್ನೋದು ನಿಲ್ಸುತ್ತೆ, ಕಚ್ಚೋದು ನಿಲ್ಸಲ್ಲ. ಹೇಳದೇ ಕೇಳದೇ ಕಚ್ಚುತ್ತೆ, ಅಷ್ಟೇ ವ್ಯತ್ಯಾಸ. ಹೊರಗಿನವರ ಕೈ ಅಂದ್ರೆ ಅದಕ್ಕೆ ತಿಂಡಿ ನೆನಪಾಗಬೇಕು. ದೂರದಿಂದ ಶುರು ಮಾಡಿ. ಅವಸರ ಪಟ್ರೆ ಶುರುವಾದ ಜಾಗಕ್ಕೇ ವಾಪಸ್ ಬರ್ತೀರಿ."

ಮೂರನೆಯ ಸಹಾಯಕ ಬಂದ. ನಡುವಯಸ್ಸಿನವನು, ಬಾಗಿಲು ದಾಟಲು ತಲೆ ಬಗ್ಗಿಸಬೇಕಾದಷ್ಟು ಎತ್ತರ. ಮೊಮ್ಮಗಳು ಅವನಿಗೆ 'ಉದ್ದಣ್ಣ' ಎಂದು ಹೆಸರಿಟ್ಟಳು. ನಾಯಿ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಭಯ. "ಬೇರೆ ಮನೆ ಇಲ್ಲ ಅಂದ್ರು, ಬಂದೆ," ಎಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಒಳಗೆ ಬರಬೇಡಿ. ಅಲ್ಲೇ ನಿಂತ್ಕೊಂಡು ಈ ಮೊಟ್ಟೆ ಚೂರು ಎಸೀರಿ. ಅದನ್ನ ನೋಡ್ಬೇಡಿ," ಎಂದಳು ಮೊಮ್ಮಗಳು.

"ನೋಡದೇ ಹೇಗೆ ಎಸೀಲಿ?"

"ಗೋಡೆ ನೋಡ್ಕೊಂಡು ಎಸೀರಿ."

ಉದ್ದಣ್ಣ ಗೋಡೆ ನೋಡುತ್ತ ಬೇಯಿಸಿದ ಮೊಟ್ಟೆಯ ಚೂರುಗಳನ್ನು ಎಸೆದ. ಮೊದಲನೆಯದು ಟೀವಿಯ ಹಿಂದೆ ಬಿತ್ತು, ಎರಡನೆಯದು ಸೊಸೆಯ ತಲೆಯ ಮೇಲೆ. ಬಹಳ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಚಿಟಿಕೆ ಬೊಗಳಿ ಬೊಗಳಿ ಸುಸ್ತಾಗಿ, ಕೊನೆಗೆ ಒಂದು ಚೂರನ್ನು ಮೂಸಿ ತಿಂದಿತು.

ಹೀಗೆ ದಿನಗಳು ಕಳೆದವು. ಅಡುಗೆಮನೆಯಲ್ಲಿ ಒಂದು ಬಟ್ಟಲು ಮೊಟ್ಟೆ ಚೂರು ಯಾವಾಗಲೂ ಇರುತ್ತಿತ್ತು. ಪೇಪರಿನವನು ಬಂದರೆ ಒಂದು ಚೂರು, ಪಕ್ಕದ ಮನೆಯಾಕೆ ಬಂದರೆ ಒಂದು ಚೂರು. "ಈ ಮನೇಲಿ ನೆಂಟ್ರಿಗೆ ಚಹಾ ಇಲ್ಲ, ನಾಯಿಗೆ ಮಾತ್ರ ಮೊಟ್ಟೆ," ಎಂದು ಆಕೆ ಮೂಗು ಮುರಿದರೂ ಚೂರು ಕೊಡದೆ ಹೋಗುತ್ತಿರಲಿಲ್ಲ. ಉದ್ದಣ್ಣ ಬಾಗಿಲಿನಿಂದ ಹಜಾರಕ್ಕೆ ಬಂದ, ಹಜಾರದ ಕುರ್ಚಿಯ ಮೇಲೆ ಕೂತ. ಒಂದು ಬೆಳಿಗ್ಗೆ ಚಿಟಿಕೆ ಅವನ ಅಂಗೈಯಿಂದಲೇ ತಿಂದಿತು. ಅವನು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, "ತಿಂತಾ? ಬೆರಳು ಇದೆಯಾ?" ಎಂದು ಕೇಳಿದ.

ಆದರೆ ಒಳಕೋಣೆಯಲ್ಲಿ ಪಾಠ ನಡೆಯಲಿಲ್ಲ. ಹಜಾರದಲ್ಲಿ ಬಾಲ ಅಲ್ಲಾಡಿಸಿದ ನಾಯಿ ಅಲ್ಲಿ ಮಾತ್ರ ಬೇರೆಯೇ ಆಗುತ್ತಿತ್ತು. ಉದ್ದಣ್ಣ ಮಂಚದ ಪಕ್ಕ ನಿಂತು ಮಾಸ್ತರ ಅಂಗಿಯ ಗುಂಡಿಗೆ ಕೈ ಹಾಕಿದನೋ ಇಲ್ಲವೋ, ಚಂಗನೆ ಹಾರಿ ಕಚ್ಚುತ್ತಿತ್ತು. ಮಗ ತನ್ನ ಕೆಲಸದ ದಪ್ಪ ಗ್ಲೌಸು ತಂದುಕೊಟ್ಟಿದ್ದರಿಂದ ಹಲ್ಲು ಚರ್ಮಕ್ಕೆ ಇಳಿಯಲಿಲ್ಲ. ಗ್ಲೌಸು ಹಾಕಿಕೊಂಡರೆ ಗುಂಡಿ ಬಿಚ್ಚಲಾಗುತ್ತಿರಲಿಲ್ಲ. ನಾಯಿಯನ್ನು ಹೊರಗೆ ಹಾಕಿ ಬಾಗಿಲು ಹಾಕಿದರೆ ಅದು ಬಾಗಿಲು ಕೆರೆದು ಉಗುರಿನಲ್ಲಿ ರಕ್ತ ಬರಿಸಿಕೊಳ್ಳುತ್ತಿತ್ತು, ಮಾಸ್ತರು ಎಡಗೈಯಿಂದ ಮಂಚದ ಸರಳು ಹಿಡಿದು ಬಿಡುತ್ತಿರಲಿಲ್ಲ. ಬಾಯಿಗೆ ಕಟ್ಟುವ ಪಟ್ಟಿಯನ್ನು ಸೊಸೆ ತಂದಳು. ಮಾರನೆಯ ದಿನ ಅದು ತುಂಡಾಗಿ ಮಾಸ್ತರ ದಿಂಬಿನ ಕೆಳಗೆ ಸಿಕ್ಕಿತು. ನಾಯಿ ಕಡಿದಿರಬೇಕು ಎಂದರು ಮಾಸ್ತರು. ಹಣ್ಣು ಹೆಚ್ಚುವ ಚಾಕು ಮಂಚದ ಪಕ್ಕದ ತಾಟಿನಲ್ಲೇ ಇತ್ತು.

ಒಂದು ಮಧ್ಯಾಹ್ನ ಮೊಮ್ಮಗಳು ಕೋಣೆಯ ಮೂಲೆಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಉದ್ದಣ್ಣ ತಾತನ ತೋಳಿನ ಕಡೆ ಕೈಚಾಚಿದ. ಚಿಟಿಕೆ ಅವನನ್ನೇ ನೋಡುತ್ತ ಸುಮ್ಮನೆ ಮಲಗಿತ್ತು. ಬಾಲದ ತುದಿ ಕೂಡ ಅಲ್ಲಾಡಿತು. ಆಗ ಒಂದು ಸದ್ದು ಕೇಳಿಸಿತು, ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಬಿಟ್ಟಂಥ ಸಣ್ಣ 'ಟಕ್'. ನಾಯಿ ಹಾರಿ ಗ್ಲೌಸಿಗೆ ಕಚ್ಚಿಕೊಂಡಿತು.

ಉದ್ದಣ್ಣ ಕೈ ಒದರಿಕೊಂಡು ಹೊರಗೆ ಹೋದ ಮೇಲೆ ಅವಳು ತಾತನ ಮುಂದೆ ಬಂದು ನಿಂತಳು.

"ನೀವೇ ಹೇಳ್ತಿದೀರಾ ಅದಕ್ಕೆ."

ಮಾಸ್ತರು ಕಿಟಕಿ ನೋಡಿದರು.

"ತಾತ, ನಾನು ದಿನಾ ಕಾಲೇಜಿಂದ ಓಡಿ ಬಂದು ಅದಕ್ಕೆ ಕಲಿಸ್ತಿದೀನಿ. ನೀವು ಹಿಂದಿಂದ ಕೆಡಿಸ್ತಿದೀರಾ!"

"ನನ್ನ ಕೈ ಏಳಲ್ಲ," ಎಂದರು ಮಾಸ್ತರು, ಒಂದೊಂದೇ ಪದವನ್ನು ಹುಡುಕಿ ತೆಗೆದವರ ಹಾಗೆ. "ಅದರ ಬಾಯಿ ಏಳುತ್ತೆ."

"ಅವರೇನು ಹೊಡೀತಾರಾ? ಸ್ನಾನ ಮಾಡಿಸ್ತಾರೆ."

"ನಿನಗೆ ಗೊತ್ತಾಗಲ್ಲ. ಬೇಡ ಅಂದೆ. ಯಾರು ಕೇಳಿದ್ರು? ಇದೊಂದು ಕೇಳಿತು. ಅಮ್ಮನ ಹತ್ರ ಹೇಳ್ಬೇಡ."

ಅವಳು ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಲಾಂಡ್ರಿಯಿಂದ ಬಂದ ಅಮ್ಮ ಬೂಟು ಕೂಡ ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಪದೇಪದೇ ರಜೆ ಕೇಳುವವಳಿಗೆ ವಿಭಾಗ ಯಾಕೆ ಎಂದು ಮ್ಯಾನೇಜರು ಎಲ್ಲರೆದುರಿಗೆ ಕೇಳಿದ್ದ. ಮುಂಗೈಯ ಮೇಲೆ ಆವಿ ತಾಗಿ ಹೊಸ ಬೊಬ್ಬೆ ಎದ್ದಿತ್ತು. ಮಗಳು ಅದಕ್ಕೆ ಮುಲಾಮು ಹಚ್ಚುತ್ತ ಎಲ್ಲವನ್ನೂ ಹೇಳಿಬಿಟ್ಟಳು.

ಸೊಸೆ ಎದ್ದು ಸೀದಾ ಒಳಕೋಣೆಗೆ ಹೋದಳು.

"ಮಾವ, ನಾನು ನಿಮಗೆ ಏನು ಕಮ್ಮಿ ಮಾಡಿದೀನಿ?"

"ನೀನೇನೂ ಮಾಡಿಲ್ಲ."

"ಮತ್ತೆ ಯಾಕೆ ನನ್ನ ಹೊಟ್ಟೆ ಮೇಲೆ ಹೊಡೀತೀರಿ? ಇನ್ನೊಂದ್ಸಲ ಆ ಮನುಷ್ಯನಿಗೆ ಕಚ್ಚಿಸಿದ್ರೆ ಯಾರೂ ಬರಲ್ಲ. ನಾನು ಮನೇಲಿ ಕೂರಬೇಕು. ಕೂತು ನಿಮಗೆ ನಾನೇ ಸ್ನಾನ ಮಾಡಿಸ್ಲಾ? ಅದಾಗುತ್ತಾ ನಿಮಗೆ?"

ಮಾಸ್ತರ ಮುಖ ಕೆಂಪಾಯಿತು. "ಮಗ ಇದಾನಲ್ಲ."

"ಅವರಿಗೆ ಹೇಳಿ ಹಾಗಾದ್ರೆ!"

ಮಗ ಬಾಗಿಲಲ್ಲೇ ನಿಂತಿದ್ದ, ಆಗಷ್ಟೇ ಬಂದವನು. ಇಬ್ಬರೂ ಅವನ ಕಡೆ ತಿರುಗಿದರು. ಅವನು ಹೆಗಲಿನ ಚೀಲ ಇಳಿಸಿದ, ಮತ್ತೆ ಹೆಗಲಿಗೇ ಹಾಕಿಕೊಂಡ. "ನನಗೆ ಬೆಳಿಗ್ಗೆ ಡ್ಯೂಟಿ ಇರುತ್ತೆ ಅಪ್ಪಾ," ಎಂದ. ಅವನ ದನಿಯಲ್ಲಿ ಸುಳ್ಳಿತ್ತು, ಮೂವರಿಗೂ ಅದು ತಿಳಿಯಿತು.

ಮೊಮ್ಮಗಳಿಗೆ ಆಗ ಒಂದು ಉಪಾಯ ಹೊಳೆಯಿತು. ಅದು ಸರಿಯೋ ತಪ್ಪೋ ಎಂದು ಯೋಚಿಸಲು ಹೋಗಲಿಲ್ಲ. ಅಮ್ಮನ ಕೈಯ ಬೊಬ್ಬೆ ಕಣ್ಣಮುಂದೆ ಇತ್ತು.

ಅವಳು ಕನ್ನಡಿಯ ಮುಂದೆ ನಿಂತು ನಾಲಿಗೆಯಿಂದ ತಾತನ ಹಾಗೆಯೇ 'ಟಕ್' ಅನ್ನುವುದನ್ನು ಕಲಿತಳು. ದಿನವೂ ಚಿಟಿಕೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ಉದ್ದಣ್ಣ ಒಗೆದ ಬಟ್ಟೆ ಹರವುವ ನೆಪದಲ್ಲಿ ಹಿಂದೆಯೇ ಹೋಗುತ್ತಿದ್ದ. ಅಲ್ಲಿ ಅವಳು ಟಕ್ ಅನ್ನುವಳು, ಉದ್ದಣ್ಣ ಕೈಚಾಚಿ ಮೊಟ್ಟೆ ಕೊಡುವನು. ಮೊದಮೊದಲು ನಾಯಿ ಹಲ್ಲು ಕಿರಿದು ಹಾರಿತು, ಗ್ಲೌಸಿನಲ್ಲಿ ಮೊಟ್ಟೆ ಕಂಡು ತಬ್ಬಿಬ್ಬಾಯಿತು. ಮತ್ತೆ ಟಕ್, ಮತ್ತೆ ಮೊಟ್ಟೆ. ವಾರಗಟ್ಟಲೆ ಇದೇ ನಡೆಯಿತು. ಗ್ಲೌಸು ತೆಗೆದರು. ಉದ್ದಣ್ಣ ತನ್ನದೇ ಅಂಗಿಯ ಗುಂಡಿ ಬಿಚ್ಚುತ್ತ ಕೊಟ್ಟ, ಹಗ್ಗದ ಮೇಲಿನ ಅಂಗಿಗಳ ಗುಂಡಿ ಬಿಚ್ಚುತ್ತ ಕೊಟ್ಟ. ಆ ದಿನಗಳಲ್ಲಿ ಒಳಕೋಣೆಯಲ್ಲಿ ಅವನು ಮಾಸ್ತರ ಅಂಗಿ ಮುಟ್ಟಲೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಮುಖ ಕೈಕಾಲು ಒರೆಸಿ ಬರುತ್ತಿದ್ದ. ತಾವು ಗೆದ್ದೆವು ಎಂದುಕೊಂಡ ಮಾಸ್ತರು ಅವನಿಗೆ ಹಳೆಯ ಕ್ರೀಡಾಕೂಟಗಳ ಕಥೆ ಕೂಡ ಹೇಳಿದರು.

ಆ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಮೊದಲು ನೀರು ಕಾಯಿಸಿಟ್ಟಳು. ಉದ್ದಣ್ಣ ಗ್ಲೌಸಿಲ್ಲದೆ ಒಳಗೆ ಬಂದು ಮಂಚದ ಪಕ್ಕ ನಿಂತ. ಮೊಮ್ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಏಳೋಣ್ವಾ ಮಾಸ್ತರೇ?" ಎಂದು ಅವನು ಮೇಲಿನ ಗುಂಡಿಗೆ ಕೈ ಹಾಕಿದ.

ಮಾಸ್ತರು ಟಕ್ ಅಂದರು.

ಚಿಟಿಕೆ ಹಾರಿತು. ಕೆಳಗೆ ಹಾರಿ ಉದ್ದಣ್ಣನ ಕಾಲ ಬಳಿ ಕೂತು, ಕತ್ತೆತ್ತಿ ಅವನ ಜೇಬನ್ನೇ ನೋಡುತ್ತ ಬಾಲ ಅಲ್ಲಾಡಿಸಿತು.

ಮಾಸ್ತರು ಮತ್ತೆ ಟಕ್ ಅಂದರು. ಅವರ ಎಳೆದುಕೊಂಡ ತುಟಿಯಿಂದ ಸ್ವಲ್ಪ ಎಂಜಲು ಇಳಿಯಿತು. ಮತ್ತೆ ಅಂದರು. ನಾಯಿ ಮುಂಗಾಲೆತ್ತಿ ಉದ್ದಣ್ಣನ ಮೊಣಕಾಲಿಗೆ ಒರಗಿ ಸಣ್ಣಗೆ ಕುಂಯ್‌ಗುಟ್ಟಿತು. ಉದ್ದಣ್ಣನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಭ್ಯಾಸವಾದ ಕೈ ತಾನಾಗಿ ಜೇಬಿಗೆ ಹೋಗಿ ಒಂದು ಚೂರು ತೆಗೆದು ಕೊಟ್ಟಿತು.

ಮಾಸ್ತರು ನಾಯಿ ತಿನ್ನುವುದನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ಮೊಮ್ಮಗಳನ್ನು ನೋಡಿದರು.

"ಚೆನ್ನಾಗಿ ಕಲಿಸಿದೀಯ," ಎಂದರು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ತಾತ, ಅಮ್ಮನಿಗೆ..." ಎಂದು ಶುರು ಮಾಡಿದಳು.

ಮಾಸ್ತರು ತೋಳಿನಿಂದ ಅಂಗಿ ಬಿಡಿಸಲು ಅನುಕೂಲವಾಗುವಂತೆ ಎಡಗೈಯನ್ನು ಮೇಲೆತ್ತಿ ಹಿಡಿದರು. ಉದ್ದಣ್ಣ ಆ ತೋಳನ್ನು ತುಂಬ ಹುಷಾರಾಗಿ, ಗಾಜಿನದೋ ಎಂಬಂತೆ ಬಿಡಿಸಿದ. ಬಚ್ಚಲಿನಿಂದ ನೀರಿನ ಸದ್ದು ಕೇಳಿಸಿತು. ಚಿಟಿಕೆ ಬಚ್ಚಲಿನ ಹೊಸ್ತಿಲಲ್ಲಿ ಕೂತು ಒಳ್ಳೆಯ ನಾಯಿಯ ಹಾಗೆ ಕಾಯಿತು.

ಮನೆ ಒಂದು ಹದಕ್ಕೆ ಬಂತು. ಏಜೆನ್ಸಿಯ ಹೆಂಗಸು ಫೋನಿನಲ್ಲಿ ನಕ್ಕು ಮಾತಾಡಿದಳು. ಸೊಸೆ ಹೊತ್ತಿಗೆ ಸರಿಯಾಗಿ ಲಾಂಡ್ರಿ ಮುಟ್ಟತೊಡಗಿದಳು, ಊಟಕ್ಕೆ ಕೂತಾಗ ಅಲ್ಲಿನ ಜಗಳಗಳನ್ನು ನಕಲು ಮಾಡಿ ತೋರಿಸಿದಳು. ಮಾಸ್ತರ ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಕೂದಲು ಬಾಚಿರುತ್ತಿತ್ತು, ಗಡ್ಡ ನುಣ್ಣಗಿರುತ್ತಿತ್ತು. ಕೊಟ್ಟದ್ದನ್ನು ತಿನ್ನುತ್ತಿದ್ದರು, ಕೂರಿಸಿದಲ್ಲಿ ಕೂರುತ್ತಿದ್ದರು. ಯಾರ ಮೇಲೂ ಸಿಟ್ಟಿರಲಿಲ್ಲ.

"ಅಪ್ಪ ಎಷ್ಟು ಹೊಂದ್ಕೊಂಡ್ಬಿಟ್ರು ನೋಡು," ಎಂದ ಮಗ.

"ಹೂಂ," ಎಂದಳು ಸೊಸೆ.

ಮೊಮ್ಮಗಳು ಊಟದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇತ್ತೀಚೆಗೆ ಅವಳು ತಾತನ ಎದುರಿಗೆ ಕೂತು ಊಟ ಮಾಡುತ್ತಿರಲಿಲ್ಲ.

ಚಿಟಿಕೆ ಈಗ ಮಂಚ ಹತ್ತುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಮೊದಲ ಕೆಲವು ದಿನ ಹತ್ತಿ ಮಾಸ್ತರ ಬಲಗಾಲಿಗೆ ಒರಗಿತ್ತು. ಮಾಸ್ತರು ಆ ಕಾಲು ಸರಿಸಿಕೊಳ್ಳಲಾರರು, ಒದೆಯಲಾರರು. ಸುಮ್ಮನೆ ಅದನ್ನು ಕರೆಯುವುದನ್ನೇ ಬಿಟ್ಟರು. ಕ್ರಮೇಣ ನಾಯಿ ಹಜಾರಕ್ಕೆ ಬಂತು. ಬಂದವರ ಕೈ ಮೂಸುತ್ತ, ಪಕ್ಕದ ಮನೆಯ ಮಗು ಕಿವಿ ಎಳೆದರೂ ಸಹಿಸುತ್ತ, ಯಾರ ಕಾಲ ಬಳಿಯಾದರೂ ಮಲಗುತ್ತಿತ್ತು.

ಒಂದು ಭಾನುವಾರ ಉದ್ದಣ್ಣನಿಗೆ ರಜೆ ಇತ್ತು. ಆ ವಾರವೆಲ್ಲ ಮಗ ಯಾಕೋ ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಿಗ್ಗೆ ಎದ್ದವನೇ ಡ್ಯೂಟಿಯನ್ನು ಇನ್ನೊಬ್ಬನಿಗೆ ದಾಟಿಸಿ, ನೀರು ಕಾಯಿಸಿ ಬಕೆಟ್ಟಿಗೆ ಸುರಿದ. ಮೊಣಕೈ ಅದ್ದಿ ಬಿಸಿ ನೋಡಿದ, ತಣ್ಣೀರು ಬೆರೆಸಿದ, ಮತ್ತೆ ನೋಡಿದ. ಸ್ಟೂಲಿನ ಕೆಳಗೆ ಒರಟು ಚಾಪೆ ಹಾಸಿದ. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಒಳಕೋಣೆಗೆ ಬಂದ.

"ಅಪ್ಪಾ, ಏಳಿ. ಇವತ್ತು ನಾನು ಮಾಡಿಸ್ತೀನಿ."

ಮಾಸ್ತರು ಅವನ ಮುಖ ನೋಡಿದರು. ಹೆಗಲ ಮೇಲಿನ ಟವೆಲು ನೋಡಿದರು.

"ಯಾಕೆ, ನಿನಗೆ ತೊಂದರೆ," ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಬಂದವನಿಗೆ ಹೇಳುವಂಥ ದನಿ. "ನಾಳೆ ಅವನು ಬರ್ತಾನಲ್ಲ."

"ಇಲ್ಲಪ್ಪ, ನಾನು ರಜೆ ಹಾಕಿದೀನಿ. ನೀರು ಕಾದಿದೆ."

"ಅವನಿಗೆ ಅಭ್ಯಾಸ ಆಗಿದೆ," ಎಂದರು ಮಾಸ್ತರು. "ನನಗೂ."

ಮಗ ಕೈಚಾಚಿದ. ತೋಳು ಹಿಡಿಯಬೇಕೆಂದಿದ್ದವನು ಹೊದಿಕೆಯ ಅಂಚನ್ನು ಸರಿಮಾಡಿದ. ಮಾಸ್ತರು ಆಗಲೇ ಕಣ್ಣು ಮುಚ್ಚಿದ್ದರು. ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಕೂತ. ಬಕೆಟ್ಟಿನಿಂದ ಏಳುತ್ತಿದ್ದ ಹಬೆ ತೆಳುವಾಗುತ್ತ ಬಂದು ನಿಂತಿತು.

"ಆಯ್ತಾ?" ಎಂದು ಅಡುಗೆಮನೆಯಿಂದ ಸೊಸೆ ಕೂಗಿದಳು.

ಅವನು ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದ, ಇನ್ನೊಂದು ಸುರಿದ.

"ಆಯ್ತು," ಎಂದ.